ಜ್ವರ ಬಿಟ್ಟ ಮೇಲೆ

(ಬಾನುಲಿ ಭಾಷಣ)

ಮಹಾಮಾರಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಅಂಕಣಗಳಲ್ಲಿ ಲೆಕ್ಕವನ್ನಿಡುತ್ತಾರೆ. ಒಂದರಲ್ಲಿ ಸತ್ತವರು, ಮತ್ತೊಂದರಲ್ಲಿ ಗುಣವಾದವರು. ಮೊದಲನೆಯ ಅಂಕಣದ ಮೇಲೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಸಂಖ್ಯೆಯನ್ನು ತಿದ್ದುತ್ತಾರೆ, ಹೆಚ್ಚಿಸುತ್ತಾರೆ, ಇಳಿಸುತ್ತಾರೆ. ಎರಡನೆಯ ಅಂಕಣವನ್ನು ಯಾರೂ ತೆರೆದು ನೋಡುವುದಿಲ್ಲ. ಬದುಕಿದರಲ್ಲ, ಅಷ್ಟು ಸಾಕು ಎಂದು ಪುಟವನ್ನು ತಿರುವುತ್ತೇವೆ. ಆದರೆ ಗುಣವಾದರೆಂದು ಬರೆಸಿಕೊಂಡವರೆಲ್ಲ ನಿಜವಾಗಿ ಗುಣವಾದರೆ? ಉಸಿರಾಟದ ಅಂಗಗಳನ್ನು ಹಿಡಿದ ಉಗ್ರವಾದ ವೈರಸ್ ರೋಗಗಳಿಂದ ಪಾರಾದವರ ಮುಂದಿನ ವರ್ಷಗಳು ಹೇಗೆ ಕಳೆದುವು? ಇಂದಿನ ಮಾತಿನಲ್ಲಿ ನಾನು ಹಿಂಬಾಲಿಸಲು ಹೊರಟಿರುವುದು ಈ ಪ್ರಶ್ನೆಯನ್ನು.

ನಮ್ಮ ಭಾಷೆಯಲ್ಲಿ ಈ ವಿವೇಕ ಹಿಂದಿನಿಂದಲೂ ಇದೆ. ಜ್ವರ ಬಿಡುವುದು ಬೇರೆ, ರೋಗಿ ಚೇತರಿಸಿಕೊಳ್ಳುವುದು ಬೇರೆ. ಜ್ವರ ಬಿಟ್ಟವನಿಗೆ ನಮ್ಮ ಮನೆಗಳಲ್ಲಿ ಮೊದಲು ಗಂಜಿಯ ತಿಳಿ, ಆಮೇಲೆ ಗಂಜಿ, ಆಮೇಲೆ ಮೆತ್ತಗಿನ ಅನ್ನ, ಕಡೆಗೆ ಎಲ್ಲರೊಡನೆ ಊಟ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜ್ವರಕ್ಕೆ ಮೀಸಲಾದ ಮೂರನೆಯ ಅಧ್ಯಾಯವು ಜ್ವರ ಇಳಿಯುವಲ್ಲಿಗೆ ಮುಗಿಯುವುದಿಲ್ಲ. ಬಲ ಮರಳುವ ತನಕ ವ್ಯಾಯಾಮ, ಸ್ತ್ರೀಸಂಗ, ಸ್ನಾನ, ಅತಿಯಾದ ನಡಿಗೆ ಇವು ಕೂಡದೆಂದು ವಿಧಿಸುತ್ತದೆ. ಮೀರಿದವನಿಗೆ ಜ್ವರ ಮತ್ತೆ ಮರಳುವುದನ್ನೂ ವಿವರಿಸುತ್ತದೆ. ರೋಗಕ್ಕೂ ಆರೋಗ್ಯಕ್ಕೂ ನಡುವೆ ಒಂದು ಮೂರನೆಯ ಸ್ಥಿತಿಯುಂಟು, ಅದಕ್ಕೂ ಆರೈಕೆ ಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಆದರೆ ಆ ಸ್ಥಿತಿ ಹದಿನೈದು ದಿನಗಳಲ್ಲಿ ಮುಗಿಯದೆ ವರ್ಷಗಟ್ಟಲೆ ನಿಂತುಬಿಟ್ಟರೆ, ಅದೂ ಒಬ್ಬಿಬ್ಬರಿಗಲ್ಲ, ಒಂದೇ ಕಾಲದಲ್ಲಿ ಲಕ್ಷಾಂತರ ಜನರಿಗೆ ನಿಂತುಬಿಟ್ಟರೆ, ಆಗ ಮನೆಯ ಪಥ್ಯವೊಂದೇ ಸಾಲದು. ಅದು ಸಮಾಜದ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆ ಆಧುನಿಕ ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು 1889-90ರ ಇನ್‌ಫ್ಲುಯೆಂಜದಲ್ಲಿ. ಯೂರೋಪಿನವರು ಅದನ್ನು 'ರಷ್ಯನ್ ಜ್ವರ' ಎಂದು ಕರೆದರು. 1889ರ ಕೊನೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಹೊರಟ ಆ ರೋಗ ರೈಲುಗಾಡಿಯ ವೇಗದಲ್ಲಿ ರಾಜಧಾನಿಯಿಂದ ರಾಜಧಾನಿಗೆ ಹಬ್ಬಿತು. ಮರುವರ್ಷ ಭಾರತವನ್ನೂ ಮುಟ್ಟಿತು. ಲಂಡನ್ನಿನಲ್ಲಿ ನೆಲೆಸಿದ್ದ ಜೂಲಿಯಸ್ ಆಲ್ಟ್‌ಹೌಸ್ ಎಂಬ ನರರೋಗ ತಜ್ಞ, ಜ್ವರ ಬಿಟ್ಟ ಬಹಳ ದಿನಗಳ ಮೇಲೂ ರೋಗಿಗಳಲ್ಲಿ ಕಾಣಿಸುತ್ತಿದ್ದ ನಿದ್ರಾಹೀನತೆ, ನರಗಳ ನೋವು, ತೀರದ ಆಯಾಸ, ಮನಸ್ಸಿನ ಖಿನ್ನತೆ ಇವನ್ನೆಲ್ಲ ಒಟ್ಟುಗೂಡಿಸಿ ಬರೆದ. ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಲಾರ್ಡ್ ರೋಸ್‌ಬರಿ 1895ರ ಆದಿಯಲ್ಲಿ ಇನ್‌ಫ್ಲುಯೆಂಜಕ್ಕೆ ಗುರಿಯಾಗಿ, ಆಮೇಲೆ ವಾರಗಟ್ಟಲೆ ನಿದ್ರೆಯಿಲ್ಲದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಬಳಲಿದ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅವನ ಸರ್ಕಾರ ಬಿತ್ತು. ಸರ್ಕಾರ ಬೀಳಲು ಬೇರೆ ಕಾರಣಗಳಿದ್ದುವು. ಆದರೆ ಜ್ವರ ಬಿಟ್ಟವನು ಜ್ವರದಿಂದ ಬಿಡುಗಡೆ ಪಡೆದವನಲ್ಲ ಎಂಬುದಕ್ಕೆ ಪ್ರಧಾನಮಂತ್ರಿಯೇ ದೃಷ್ಟಾಂತವಾದ. ಆ ರೋಗ ನಿಜವಾಗಿ ಇನ್‌ಫ್ಲುಯೆಂಜವೇ ಅಲ್ಲದಿರಬಹುದು, ಇಂದು ಸಾಧಾರಣ ನೆಗಡಿಯನ್ನು ತರುವ ಒಂದು ಕೊರೋನಾ ವೈರಸ್ ಆಗ ಹೊಸದಾಗಿ ಮನುಷ್ಯರಿಗೆ ತಗುಲಿದ್ದಿರಬಹುದು ಎಂದು ಬೆಲ್ಜಿಯಂ ದೇಶದ ವಿಜ್ಞಾನಿಗಳು 2005ರಲ್ಲಿ ಸೂಚಿಸಿದರು. ಇದು ಇನ್ನೂ ಊಹೆಯ ಮಟ್ಟದಲ್ಲಿಯೇ ಇದೆ.

ಇದಾದ ಮೂವತ್ತು ವರ್ಷಗಳ ಒಳಗೆ 1918ರ ಮಹಾಮಾರಿ ಬಂತು. ನಮ್ಮ ದೇಶದಲ್ಲಿ ಅದು ಜೂನ್ ತಿಂಗಳಿನಲ್ಲಿ ಬೊಂಬಾಯಿಯಲ್ಲಿ ತಲೆದೋರಿತು. 'ಬಾಂಬೆ ಜ್ವರ' ಎಂಬ ಹೆಸರು ಬಂದದ್ದು ಹಾಗೆ. ಮೊದಲ ಅಲೆ ಮೃದುವಾಗಿತ್ತು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಎರಡನೆಯ ಅಲೆ ಊರೂರನ್ನೇ ಬರಿದುಮಾಡಿತು. ಮೈಸೂರು ಸಂಸ್ಥಾನವೂ ಆ ತಿಂಗಳುಗಳಲ್ಲಿಯೇ ತತ್ತರಿಸಿತು. ಸರ್ಕಾರದ ಮೊದಲ ಅಂದಾಜಿನಲ್ಲಿ ದೇಶದಲ್ಲಿ ಸತ್ತವರು ಸುಮಾರು 60 ಲಕ್ಷ. ಇಂದಿನ ಅಂದಾಜುಗಳು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಹೋಗುತ್ತವೆ. ಈಗಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆ ಏರದೆ ಇಳಿದದ್ದು ಜನಗಣತಿಯ ಚರಿತ್ರೆಯಲ್ಲಿ ಒಂದೇ ದಶಕದಲ್ಲಿ, 1911ರಿಂದ 1921ರ ವರೆಗೆ.

ಇವೆಲ್ಲ ಮೊದಲನೆಯ ಅಂಕಣದ ಸಂಖ್ಯೆಗಳು. ಎರಡನೆಯ ಅಂಕಣವನ್ನು ಎಷ್ಟು ಹಗುರವಾಗಿ ಕಂಡರೆಂಬುದಕ್ಕೆ ಅನಿರೀಕ್ಷಿತವಾದ ಒಂದು ಕಡೆಯಿಂದ ಸಾಕ್ಷ್ಯ ದೊರೆಯುತ್ತದೆ. ಅದು ವೈದ್ಯಗ್ರಂಥವಲ್ಲ, ಅರ್ಥಶಾಸ್ತ್ರದ ಗ್ರಂಥ.

1950ರ, 60ರ ದಶಕಗಳಲ್ಲಿ ಅರ್ಥಶಾಸ್ತ್ರಜ್ಞರ ನಡುವೆ ಒಂದು ದೊಡ್ಡ ಚರ್ಚೆ ನಡೆಯುತ್ತಿತ್ತು. ಭಾರತದಂಥ ದೇಶಗಳ ಹೊಲಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಕೈಗಳಿವೆ, ಅವುಗಳಲ್ಲಿ ಕೆಲವನ್ನು ತೆಗೆದುಬಿಟ್ಟರೂ ಬೆಳೆ ಕಡಮೆಯಾಗದು ಎಂದು ಕೆಲವರು ವಾದಿಸುತ್ತಿದ್ದರು. ಷಿಕಾಗೋ ವಿಶ್ವವಿದ್ಯಾನಿಲಯದ ಥಿಯೊಡೋರ್ ಷುಲ್ಟ್ಸ್ ಇದನ್ನು ಒಪ್ಪಲಿಲ್ಲ. ಕೈಗಳನ್ನು ಒಮ್ಮೆಗೇ ತೆಗೆದು ನೋಡುವ ಪ್ರಯೋಗವನ್ನು ಯಾರು ತಾನೇ ಮಾಡಬಲ್ಲರು? ಪ್ರಕೃತಿಯೇ ಅದನ್ನು ಮಾಡಿಟ್ಟಿದೆ ಎಂದು ಅವರು 1918ರ ಭಾರತದತ್ತ ತಿರುಗಿದರು. 1964ರಲ್ಲಿ ಪ್ರಕಟವಾದ ಅವರ ಗ್ರಂಥದ ಲೆಕ್ಕ ಹೀಗಿದೆ: ಇನ್‌ಫ್ಲುಯೆಂಜದಿಂದ ಬೇಸಾಯದ ದುಡಿಮೆಗಾರರು ನೂರಕ್ಕೆ ಸುಮಾರು 8ರಷ್ಟು ಕಡಮೆಯಾದರು, 1919-20ರಲ್ಲಿ ಬಿತ್ತನೆಯಾದ ಭೂಮಿ 1916-17ಕ್ಕಿಂತ ನೂರಕ್ಕೆ 3.8ರಷ್ಟು ಕುಗ್ಗಿತು. ಆದ್ದರಿಂದ ಆ ಕೈಗಳು ಬೇಡದ ಕೈಗಳಾಗಿರಲಿಲ್ಲ. ಅಮರ್ತ್ಯ ಸೇನ್ 1967ರಲ್ಲಿ ಈ ಲೆಕ್ಕದ ಕ್ರಮವನ್ನು ಪ್ರಶ್ನಿಸಿದರು, ವಾದ ಮುಂದುವರಿಯಿತು. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದದ್ದು ಆ ಲೆಕ್ಕದ ಅಡಿಗಲ್ಲುಗಳಲ್ಲಿ ಒಂದು: ರೋಗದಿಂದ ಬದುಕಿ ಉಳಿದವರು ಬಹುಕಾಲ ನಿತ್ರಾಣರಾಗಿರಲಿಲ್ಲ ಎಂದು ಷುಲ್ಟ್ಸ್ ಹಿಡಿದದ್ದು. ಸತ್ತವರ ಕೈ ಇಲ್ಲ, ಉಳಿದವರ ಕೈ ಮೊದಲಿನ ಹಾಗೆಯೇ ಇದೆ: ಹೀಗೆ ಭಾವಿಸಿದರೆ ಮಾತ್ರ ಲೆಕ್ಕ ನಿಲ್ಲುತ್ತದೆ. ಆದರೆ ಆ ಉಳಿದ ಕೈಗಳನ್ನು ಹಿಡಿದು ನೋಡಿದವರು ಯಾರು? ನೇಗಿಲಿನ ಮೇಣಿ ಹಿಡಿದು ಎಷ್ಟು ಸಾಲು ಹೋಗುವಷ್ಟರಲ್ಲಿ ಉಸಿರು ಹತ್ತುತ್ತಿತ್ತು, ಬಾವಿಯಿಂದ ಎಷ್ಟು ಕೊಡ ನೀರು ಸೇದುವಷ್ಟರಲ್ಲಿ ಹೆಂಗಸಿಗೆ ಕಣ್ಣು ಕತ್ತಲೆಗಟ್ಟುತ್ತಿತ್ತು ಎಂಬುದನ್ನು ಬರೆದಿಡುವ ಗುಮಾಸ್ತೆ ಯಾವ ತಾಲ್ಲೂಕು ಕಚೇರಿಯಲ್ಲಿಯೂ ಇರಲಿಲ್ಲ. ಮುಂದೆ ನೊಬೆಲ್ ಪಾರಿತೋಷಕ ಪಡೆದ ಒಬ್ಬ ಪಂಡಿತರು ಹೀಗೆ ಭಾವಿಸಿದರೆಂದು ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ದಾಖಲೆಯೇ ಇಲ್ಲದ ಕಡೆ ಮನುಷ್ಯರು ಆರೋಗ್ಯವನ್ನೇ ಊಹಿಸಿಕೊಳ್ಳುತ್ತಾರೆ.

ಆ ಊಹೆ ಎಲ್ಲ ಕಡೆಯೂ ಸರಿಯಾಗಿರಲಿಲ್ಲವೆಂಬುದಕ್ಕೆ ಹಿಂದೂ ಮಹಾಸಾಗರದ ಆಚೆ ದಡದಲ್ಲಿ ಒಂದು ನಿದರ್ಶನವಿದೆ. ಇಂದಿನ ಟಾಂಜಾನಿಯಾದ ನೈಋತ್ಯ ಭಾಗದಲ್ಲಿ ಇನ್‌ಫ್ಲುಯೆಂಜ ಬಂದದ್ದು 1918ರ ಕೊನೆಯಲ್ಲಿ, ಸರಿಯಾಗಿ ಬೇಸಾಯದ ಹಂಗಾಮಿನಲ್ಲಿ. ಯುದ್ಧದ ಸೈನ್ಯಗಳು ಆ ಮೊದಲೇ ಕಣಜಗಳನ್ನು ಬರಿದುಮಾಡಿದ್ದುವು. ಜ್ವರದಿಂದ ಎದ್ದವರಿಗೆ ಗುದ್ದಲಿ ಹಿಡಿಯುವ ತ್ರಾಣವಿರಲಿಲ್ಲ. ಹೊಲ ಹಸನಾಗಲಿಲ್ಲ, ಬೀಜ ಬೀಳಲಿಲ್ಲ. ಮುಂದೆ ಬಂದದ್ದು ಘೋರವಾದ ಬರ. ಜನ ಬಾಳೆಯ ಗಡ್ಡೆಯನ್ನು ಅಗೆದು ತಿಂದರು. ಆ ಕ್ಷಾಮಕ್ಕೆ ಗಡ್ಡೆಯ ಬರವೆಂದೇ ಹೆಸರು ನಿಂತಿತು. ಹಸಿವಿನಿಂದ ಸತ್ತವರ ಹೆಸರು ಜ್ವರದ ಲೆಕ್ಕಕ್ಕೆ ಸೇರಲಿಲ್ಲ. ಆದರೆ ಜ್ವರ ಬಿಟ್ಟುಹೋದ ನಿತ್ರಾಣವೂ ಅವರ ಸಾವಿನ ಒಂದು ಕಾರಣವಲ್ಲವೆ?

ದೇಹದ ಬಳಲಿಕೆಗಿಂತ ಮನಸ್ಸಿನ ಬಳಲಿಕೆಗೆ ದಾಖಲೆಗಳು ಸ್ವಲ್ಪ ಹೆಚ್ಚು ಸಿಗುತ್ತವೆ. ಏಕೆಂದರೆ ಹುಚ್ಚಾಸ್ಪತ್ರೆಗಳಲ್ಲಿ ರಿಜಿಸ್ಟರುಗಳಿದ್ದುವು. ನಾರ್ವೆ ದೇಶದ ಅಂಥ ಆಸ್ಪತ್ರೆಗಳ ಲೆಕ್ಕವನ್ನು ಪರಿಶೀಲಿಸಿದ ಸ್ವೆನ್-ಎರಿಕ್ ಮಾಮೆಲುಂಡ್, ಇನ್‌ಫ್ಲುಯೆಂಜವೇ ಕಾರಣವೆಂದು ಬರೆದು ಸೇರಿಸಿಕೊಂಡ ಹೊಸ ರೋಗಿಗಳ ಸಂಖ್ಯೆ 1918ರ ಅನಂತರದ ವರ್ಷಗಳಲ್ಲಿ ಮೊದಲಿಗಿಂತ ಹಲವು ಪಟ್ಟು ಏರಿದ್ದನ್ನು ತೋರಿಸಿದರು. ಅಮೆರಿಕದ ಬಾಸ್ಟನ್ ನಗರದಲ್ಲಿ ಆಗ ತರುಣ ವೈದ್ಯನಾಗಿದ್ದ ಕಾರ್ಲ್ ಮೆನ್ನಿಂಗರ್, ಜ್ವರದ ಹಿಂದೆಯೇ ಚಿತ್ತವಿಕಾರಕ್ಕೆ ಒಳಗಾದ ನೂರು ರೋಗಿಗಳನ್ನು ಕುರಿತು 1919ರಲ್ಲಿ ಬರೆದ. ಅವರಲ್ಲಿ ಹಲವರನ್ನು ಎಂದಿಗೂ ವಾಸಿಯಾಗದ ಬುದ್ಧಿಭ್ರಮಣೆಯವರೆಂದು ಅಂದಿನ ವೈದ್ಯರು ನಿರ್ಣಯಿಸಿದ್ದರು. ಕೆಲವು ವರ್ಷಗಳ ಮೇಲೆ ಹುಡುಕಿ ನೋಡಿದರೆ ಅಂಥವರಲ್ಲಿ ಬಹುಮಂದಿ ಸುಧಾರಿಸಿದ್ದರು. ಹಿಂದಿರುಗಿ ಹೋಗಿ ನೋಡದಿದ್ದರೆ ವೈದ್ಯನಿಗೆ ರೋಗಿಯ ಒಳಿತೂ ತಿಳಿಯದು, ಕೆಡುಕೂ ತಿಳಿಯದು.

ಇದೇ ಕಾಲದಲ್ಲಿ ಹರಡಿದ ಇನ್ನೊಂದು ವಿಚಿತ್ರ ರೋಗದ ಕಥೆ ಇಲ್ಲಿ ಬರಬೇಕು. ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಇಕಾನಮೋ 1917ರಲ್ಲಿ ಮಿದುಳಿನ ಒಂದು ಹೊಸ ಉರಿಯೂತವನ್ನು ವರ್ಣಿಸಿದ. ರೋಗಿ ದಿನಗಟ್ಟಲೆ, ವಾರಗಟ್ಟಲೆ ನಿದ್ರೆಯಲ್ಲಿ ಮುಳುಗುತ್ತಿದ್ದ. ಬದುಕಿದವರಲ್ಲಿ ಅನೇಕರು ಕೆಲವು ವರ್ಷಗಳ ಮೇಲೆ ನಿಧಾನವಾಗಿ ಬಿಗಿತು, ಮಾತು ನಿಂತು, ಮುಖದ ಭಾವ ಮಾಸಿ, ಕುಳಿತಲ್ಲಿಯೇ ಕಲ್ಲಿನ ಬೊಂಬೆಗಳಂತಾದರು. ಸುಮಾರು ಹತ್ತು ವರ್ಷ ಲೋಕವನ್ನು ಕಾಡಿದ ಆ ರೋಗ ಬಂದಂತೆಯೇ ಮಾಯವಾಯಿತು. ಇದು ಇನ್‌ಫ್ಲುಯೆಂಜದ ಮಗುವೇ ಅಥವಾ ಬರಿಯ ಸಮಕಾಲೀನವೇ? ಹೌದೆನ್ನುವವರು ಸಮೋವಾ ದ್ವೀಪಗಳನ್ನು ತೋರಿಸುತ್ತಾರೆ. 1918ರ ನವೆಂಬರಿನಲ್ಲಿ ಒಂದು ಹಡಗಿನಿಂದ ಇಳಿದ ಜ್ವರ ಪಶ್ಚಿಮ ಸಮೋವಾದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಕೊಂದಿತು. ನೆರೆಯ ಅಮೆರಿಕನ್ ಸಮೋವಾ ಹಡಗುಗಳನ್ನು ತಡೆದು ಪಾರಾಯಿತು. ಆ ಮೇಲಿನ ವರ್ಷಗಳಲ್ಲಿ ನಿದ್ರೆಯ ಆ ಉರಿಯೂತದ ಸಾವುಗಳು ಪಶ್ಚಿಮ ಸಮೋವಾದಲ್ಲಿಯೇ ಹೆಚ್ಚಾಗಿದ್ದುವೆಂದು 1982ರಲ್ಲಿ ಇಬ್ಬರು ಸಂಶೋಧಕರು ಎತ್ತಿ ತೋರಿಸಿದರು. ಅವರಲ್ಲಿ ಒಬ್ಬರಾದ ವಿಲಿಯಂ ಫೋಗಿ ನಮ್ಮ ದೇಶದ ಸಿಡುಬು ನಿರ್ಮೂಲನದಲ್ಲಿ ದುಡಿದವರು. ಅಲ್ಲವೆನ್ನುವವರಿಗೂ ಆಧಾರಗಳಿವೆ: ಮೊದಲ ರೋಗಿಗಳು ಕಂಡದ್ದು 1918ಕ್ಕೆ ಮುಂಚೆ, ಕಾದಿಟ್ಟ ಮಿದುಳಿನ ತುಣುಕುಗಳಲ್ಲಿ ಇನ್‌ಫ್ಲುಯೆಂಜ ವೈರಸ್ಸಿನ ಗುರುತು ಸಿಕ್ಕಿಲ್ಲ. ಒಗಟು ಬಿಡಿಸದೆಯೇ ಉಳಿದಿದೆ. ಆದರೆ ಆ ರೋಗಿಗಳು ಒಗಟಾಗಿರಲಿಲ್ಲ, ಮನುಷ್ಯರಾಗಿದ್ದರು. ಅವರಲ್ಲಿ ಸುಮಾರು ಎಂಬತ್ತು ಮಂದಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ದಶಕಗಳ ಕಾಲ ಹಾಗೆಯೇ ಕುಳಿತಿದ್ದರು. 1969ರಲ್ಲಿ ಆಲಿವರ್ ಸ್ಯಾಕ್ಸ್ ಎಂಬ ವೈದ್ಯ ಅವರಿಗೆ ಎಲ್-ಡೋಪಾ ಎಂಬ ಹೊಸ ಔಷಧವನ್ನು ಕೊಟ್ಟಾಗ ಕೆಲವರು ಎದ್ದು ನಡೆದರು, ಮಾತಾಡಿದರು. ಹೆಚ್ಚಿನವರ ಪಾಲಿಗೆ ಆ ಎಚ್ಚರ ಬಹಳ ಕಾಲ ನಿಲ್ಲಲಿಲ್ಲ. 1973ರಲ್ಲಿ ಸ್ಯಾಕ್ಸ್ ಬರೆದ ಪುಸ್ತಕ ಬಾರದಿದ್ದರೆ, ಆ ಜನ ಅಲ್ಲಿದ್ದರೆಂಬುದೇ ಹೊರಗಿನ ಲೋಕಕ್ಕೆ ತಿಳಿಯುತ್ತಿರಲಿಲ್ಲ.

ಸಾಹಿತ್ಯಪ್ರಿಯರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಸರ್ಕಾರದ ಗುಮಾಸ್ತೆ ಬರೆಯದಿದ್ದರೆ ಹೋಗಲಿ, ಕವಿಗಳು, ಕಾದಂಬರಿಕಾರರು ಬರೆಯಲಿಲ್ಲವೆ? ಬರೆದರು, ಆದರೆ ಪಿಸುಮಾತಿನಲ್ಲಿ. ವರ್ಜೀನಿಯಾ ವುಲ್ಫ್ ಅವರ 1925ರ ಕಾದಂಬರಿಯ ನಾಯಕಿ ಮಿಸೆಸ್ ಡ್ಯಾಲೊವೇ ಒಂದು ದಿನ ಬೆಳಿಗ್ಗೆ ಹೂ ತರಲು ಹೊರಡುವ ಚಿತ್ರ ನಮ್ಮ ಓದುಗರಿಗೂ ಪರಿಚಿತವೆ. ಆಕೆಯ ಕೂದಲು ಕಾಯಿಲೆಯಿಂದೀಚೆಗೆ ಬೆಳ್ಳಗಾಗಿದೆ, ಇನ್‌ಫ್ಲುಯೆಂಜದಿಂದ ಹೃದಯಕ್ಕೆ ಪೆಟ್ಟಾಗಿದೆಯೆಂದು ನಂಬಲಾಗಿದೆ. ಲೇಖಕಿ ಇದನ್ನು ಒಂದೆರಡು ಮಾತುಗಳಲ್ಲಿ ಹೇಳಿ ಮುಂದೆ ಸಾಗುತ್ತಾರೆ. ನಾವು ಆ ಕಾದಂಬರಿಯನ್ನು ಯುದ್ಧದ ಅನಂತರದ ಕೃತಿಯೆಂದು ಓದಿದ್ದೇವೆ. ಮಹಾಮಾರಿಯ ಅನಂತರದ ಕೃತಿಯೆಂದು ಓದಿದ್ದು ಕಡಮೆ. ಸ್ವತಃ ಮೇಲಿಂದ ಮೇಲೆ ಇನ್‌ಫ್ಲುಯೆಂಜದಿಂದ ನರಳಿದ ವುಲ್ಫ್, ಪ್ರೇಮ, ಯುದ್ಧಗಳಿಗೆ ಸಾಹಿತ್ಯದಲ್ಲಿ ದೊರೆತ ಸ್ಥಾನ ಕಾಯಿಲೆಗೆ ಏಕೆ ದೊರೆಯಲಿಲ್ಲವೆಂದು 1926ರ ಒಂದು ಪ್ರಬಂಧದಲ್ಲಿ ಆಶ್ಚರ್ಯಪಟ್ಟರು. ಅಮೆರಿಕದ ಕ್ಯಾಥರೀನ್ ಆನ್ ಪೋರ್ಟರ್ ಡೆನ್ವರ್ ನಗರದ ಪತ್ರಿಕೆಯೊಂದರಲ್ಲಿದ್ದಾಗ ಅದೇ ಜ್ವರದಿಂದ ಸಾವಿನ ಅಂಚಿಗೆ ಹೋಗಿ ಮರಳಿದರು. ಉದುರಿದ ಕೂದಲು ಬೆಳ್ಳಗೆ ಮರಳಿ ಹುಟ್ಟಿತು. ಆ ಅನುಭವ ಒಂದು ನೀಳ್ಗತೆಯಾಗಿ ಪುಸ್ತಕರೂಪದಲ್ಲಿ ಹೊರಬರಲು 1939ರ ವರೆಗೆ ಕಾಯಬೇಕಾಯಿತು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಮಾತ್ರ ತಡಮಾಡಲಿಲ್ಲ. 1919ರಲ್ಲಿ ಜ್ವರಪೀಡಿತನಾದ ತನ್ನನ್ನು ತಾನೇ ಚಿತ್ರಿಸಿಕೊಂಡ; ಅಷ್ಟರಲ್ಲಿ ನಿಲ್ಲಿಸದೆ, ಜ್ವರದ ಅನಂತರದ ತನ್ನ ಮುಖವನ್ನೂ ಬೇರೆಯಾಗಿ ಬರೆದ. ಜ್ವರದ ಮುಖ ಬೇರೆ, ಜ್ವರ ಬಿಟ್ಟ ಮೇಲಿನ ಮುಖ ಬೇರೆ ಎಂದು ಅವನಿಗೆ ತಿಳಿದಿತ್ತು.

ನಮ್ಮಲ್ಲಿ ಪ್ಲೇಗು ಕಾದಂಬರಿಗಳಲ್ಲಿ ಬಲವಾಗಿ ಬೇರೂರಿದೆ. ಅನಂತಮೂರ್ತಿಯವರ 'ಸಂಸ್ಕಾರ'ದ ಅಗ್ರಹಾರಕ್ಕೂ ಭೈರಪ್ಪನವರ 'ಗೃಹಭಂಗ'ದ ಊರಿಗೂ ಬರುವುದು ಪ್ಲೇಗು. ಪ್ಲೇಗಿಗೆ ಇಲಿ ಬೀಳುವ ಮುನ್ಸೂಚನೆಯಿದೆ, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವ ದೃಶ್ಯವಿದೆ, ಗಡ್ಡೆ ಏಳುವ ಭಯವಿದೆ. ಅದು ನಾಟಕೀಯವಾದ ರೋಗ. ಜ್ವರದ ಅನಂತರದ ಸುಸ್ತಿಗೆ ಯಾವ ನಾಟಕೀಯತೆಯೂ ಇಲ್ಲ. ಒಬ್ಬಳು ಹೆಂಗಸು ಮಧ್ಯಾಹ್ನ ಒಲೆಯ ಮುಂದಿನಿಂದ ಎದ್ದುಹೋಗಿ ಗೋಡೆಗೆ ಒರಗುತ್ತಾಳೆ; ಒಬ್ಬ ಉಪಾಧ್ಯಾಯ ಪಾಠದ ನಡುವೆ ತನಗೆ ಚೆನ್ನಾಗಿ ಗೊತ್ತಿದ್ದ ಹೆಸರನ್ನು ಮರೆಯುತ್ತಾನೆ. ಇದನ್ನು ಕಥೆ ಮಾಡುವುದು ಕಷ್ಟ. ಅದಕ್ಕಿಂತ ಕಷ್ಟವಾದದ್ದು, ಇದನ್ನು ರೋಗವೆಂದು ಇತರರು ನಂಬುವುದು. ಆ ಹೆಂಗಸನ್ನು ಸೋಮಾರಿ ಎನ್ನುತ್ತಾರೆ, ಉಪಾಧ್ಯಾಯನಿಗೆ ವಯಸ್ಸಾಯಿತೆನ್ನುತ್ತಾರೆ. 1918ರಿಂದ ಬದುಕಿದವರ ನೋವು ಚರಿತ್ರೆಯಿಂದ ಜಾರಿಹೋದದ್ದಕ್ಕೆ ಮಹಾಯುದ್ಧದ ಗದ್ದಲ ಒಂದು ಕಾರಣ. ಕ್ಷಯ, ಮಲೇರಿಯಾ, ಬರಗಳ ನಡುವೆ ಯಾವುದರ ನಿತ್ರಾಣ ಯಾವುದೆಂದು ಬಿಡಿಸಲಾಗದ್ದು ಇನ್ನೊಂದು ಕಾರಣ. ಆದರೆ ಮುಖ್ಯ ಕಾರಣ, ಆ ಸ್ಥಿತಿಗೆ ಒಂದು ಹೆಸರಿಲ್ಲದೆ ಹೋದದ್ದು. ಹೆಸರಿಲ್ಲದ ರೋಗಕ್ಕೆ ರಜೆಯಿಲ್ಲ, ಔಷಧವಿಲ್ಲ, ಕನಿಕರವೂ ಇಲ್ಲ.

ಮರೆತ ಈ ಪಾಠವನ್ನು ಲೋಕ ಮತ್ತೆ ಓದಬೇಕಾದದ್ದು 2003ರಲ್ಲಿ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ 2002ರ ನವೆಂಬರಿನಲ್ಲಿ ಮೊದಲಾದ ಸಾರ್ಸ್ ರೋಗ ಹಾಂಗ್‌ಕಾಂಗ್‌ನ ಒಂದು ಹೋಟೆಲಿನಿಂದ ಹಲವು ದೇಶಗಳಿಗೆ ಹಾರಿತು. 2003ರ ಜುಲೈ ವೇಳೆಗೆ ಅದು ಅಡಗಿದಾಗ ಒಟ್ಟು ರೋಗಿಗಳು ಸುಮಾರು 8,100, ಸತ್ತವರು 774. ಮಹಾಮಾರಿಗಳ ನಡುವೆ ಇದು ಸಣ್ಣದು. ಸಣ್ಣದಾದದ್ದರಿಂದಲೇ ಒಂದು ಉಪಕಾರವಾಯಿತು: ಬದುಕಿದವರು ಯಾರು, ಎಲ್ಲಿದ್ದಾರೆ ಎಂಬುದು ಆಸ್ಪತ್ರೆಗಳಿಗೆ ತಿಳಿದಿತ್ತು. ಅವರಲ್ಲಿ ಅನೇಕರು ಅದೇ ಆಸ್ಪತ್ರೆಗಳ ದಾದಿಯರು, ವೈದ್ಯರು.

ಅವರನ್ನು ಹಿಂಬಾಲಿಸಿದಾಗ ಕಂಡದ್ದೇನು? ಹಾಂಗ್‌ಕಾಂಗ್‌ನಲ್ಲಿ ಸುಮಾರು ನಾಲ್ಕು ವರ್ಷಗಳ ಮೇಲೆ 233 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 40 ಮಂದಿ ತೀರದ ಆಯಾಸದಿಂದ ಬಳಲುತ್ತಿದ್ದರು. ಅಷ್ಟೇ ಪ್ರಮಾಣದ ಜನರಿಗೆ ಖಿನ್ನತೆ ಮೊದಲಾದ ಮಾನಸಿಕ ತೊಂದರೆಗಳಿದ್ದುವು. ಟೊರಾಂಟೊ ನಗರದಲ್ಲಿ, ಬಹುಮಟ್ಟಿಗೆ ಆಸ್ಪತ್ರೆಯ ಕೆಲಸಗಾರರೇ ಆಗಿದ್ದ 22 ಮಂದಿ ತಮ್ಮ ಉದ್ಯೋಗಕ್ಕೆ ಮರಳಲಾರದೆ ಉಳಿದಿದ್ದರು: ಮೈಕೈ ನೋವು, ನಿದ್ರಿಸಿದರೂ ಹೋಗದ ದಣಿವು. ಬೀಜಿಂಗ್‌ನಲ್ಲಿ ಹದಿನೈದು ವರ್ಷಗಳ ಕಾಲ ನೋಡಿಕೊಂಡು ಬಂದ 71 ಮಂದಿಯಲ್ಲಿ ಶ್ವಾಸಕೋಶದ ಗಾಯ ಮೊದಲ ವರ್ಷದಲ್ಲಿ ಬಹುಮಟ್ಟಿಗೆ ಮಾಯ್ದು, ಆಮೇಲೆ ಅಲ್ಲಿಗೇ ನಿಂತಿತ್ತು. ಅವರಲ್ಲಿ ಕೆಲವರಿಗೆ ಇನ್ನೊಂದು ಅನಿಷ್ಟ ಕಾದಿತ್ತು. ಪ್ರಾಣ ಉಳಿಸಲೆಂದು ಹೇರಳವಾಗಿ ಕೊಟ್ಟ ಸ್ಟಿರಾಯ್ಡ್ ಔಷಧಗಳು ತೊಡೆಯೆಲುಬಿನ ತಲೆಗೆ ರಕ್ತ ಹರಿಯದಂತೆ ಮಾಡಿ, ಮೂಳೆಯನ್ನೇ ಸಾಯಿಸಿದ್ದುವು. ಉಸಿರು ಮರಳಿತು, ನಡಿಗೆ ಹೋಯಿತು.

ರೋಗದ ಪೆಟ್ಟೆಷ್ಟು, ಚಿಕಿತ್ಸೆಯ ಪೆಟ್ಟೆಷ್ಟು ಎಂಬ ಈ ಪ್ರಶ್ನೆಯನ್ನು ಇನ್ನೂ ಆಳವಾಗಿ ಕೆದಕಿದವರು ಟೊರಾಂಟೊದ ಮಾರ್ಗರೆಟ್ ಹೆರಿಜ್ ಮತ್ತು ಅವರ ಸಂಗಡಿಗರು. ಶ್ವಾಸಕೋಶಗಳ ಗಾಳಿಗೂಡುಗಳಲ್ಲಿ ನೀರು ತುಂಬಿ, ಯಂತ್ರದ ಉಸಿರಿನಿಂದ ಬದುಕಿಸಬೇಕಾದ ಸ್ಥಿತಿಯೊಂದುಂಟು. ಉಗ್ರ ವೈರಸ್ ರೋಗಗಳು ಕೊಲ್ಲುವುದು ಬಹುಪಾಲು ಈ ದಾರಿಯಿಂದಲೇ. ವೈರಸ್ಸಿನಿಂದಲೂ ಬೇರೆ ಕಾರಣಗಳಿಂದಲೂ ಆ ಸ್ಥಿತಿಗೆ ಹೋಗಿ ಬದುಕಿದ 109 ಮಂದಿಯನ್ನು ಅವರು ಹಿಂಬಾಲಿಸಿ, ಐದು ವರ್ಷಗಳ ಫಲವನ್ನು 2011ರಲ್ಲಿ ಪ್ರಕಟಿಸಿದರು. ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲಿರಿ ಎಂಬುದೇ ಅವರ ಸರಳವಾದ ಪರೀಕ್ಷೆ. ಐದು ವರ್ಷಗಳ ಮೇಲೆ ಶ್ವಾಸಕೋಶಗಳು ಬಹುಮಟ್ಟಿಗೆ ಸರಿಹೋಗಿದ್ದುವು. ಆದರೆ ನಡಿಗೆ, ಆ ವಯಸ್ಸಿನ ಆರೋಗ್ಯವಂತನ ನಡಿಗೆಯ ಸುಮಾರು ಮುಕ್ಕಾಲು ಪಾಲಿನಷ್ಟು ಮಾತ್ರ. ಹಾಸಿಗೆಯಲ್ಲಿ ಕಳೆದ ವಾರಗಳಲ್ಲಿ ಕರಗಿದ ಮಾಂಸಖಂಡ ಪೂರ್ತಿಯಾಗಿ ಮರಳಲಿಲ್ಲ; ಮನಸ್ಸಿನ ಭೀತಿಯೂ ಉಳಿದಿತ್ತು. ಎದೆಯ ಎಕ್ಸ್‌ರೇ ಒಂದನ್ನೇ ನೋಡಿ ಗುಣವಾಯಿತೆಂದು ಬರೆಯುವ ವೈದ್ಯನಿಗೆ ಇವು ಯಾವುವೂ ಕಾಣುವುದಿಲ್ಲ.

ಇಷ್ಟು ತಿಳಿದ ಮೇಲೆಯೂ 2020ರಲ್ಲಿ ಕೋವಿಡ್ ಬಂದಾಗ ಹಳೆಯ ಎರಡು ಅಂಕಣಗಳೇ ಮತ್ತೆ ಕಾಣಿಸಿಕೊಂಡುವು. ದಿನದಿನದ ಪ್ರಕಟಣೆಗಳಲ್ಲಿ ಇಷ್ಟು ಮಂದಿ ಸತ್ತರು, ಇಷ್ಟು ಮಂದಿ ಗುಣಮುಖರಾಗಿ ಬಿಡುಗಡೆಯಾದರು ಎಂದು ಓದಿದ್ದು ನಮಗೆಲ್ಲ ನೆನಪಿದೆ. ಮೂರನೆಯ ಅಂಕಣವನ್ನು ಈ ಸಲ ತೆರೆದವರು ವೈದ್ಯರಲ್ಲ, ರೋಗಿಗಳೇ. 2020ರ ಮೇ ತಿಂಗಳಿನಲ್ಲಿ ಎಲಿಸಾ ಪೆರೆಗೊ ಎಂಬ ಇಟಲಿಯ ವಿದುಷಿ, ತನ್ನ ಮುಗಿಯದ ಕಾಯಿಲೆಯನ್ನು 'ಲಾಂಗ್ ಕೋವಿಡ್' ಎಂದು ಕರೆದರು. ಆ ಹೆಸರೇ ಜಗತ್ತಿನಲ್ಲಿ ನಿಂತಿತು. ಅವರ ವೃತ್ತಿ ಪ್ರಾಕ್ತನಶಾಸ್ತ್ರ: ಮಣ್ಣಿನಲ್ಲಿ ಉಳಿದುಕೊಂಡ ಕುರುಹುಗಳನ್ನು ಓದುವುದು. ಮರುವರ್ಷ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸ್ಥಿತಿಗೆ ಒಂದು ಲಕ್ಷಣವನ್ನು ಕಟ್ಟಿತು: ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳ ಮೇಲೆಯೂ ಇರುವ, ಕನಿಷ್ಠ ಎರಡು ತಿಂಗಳು ಮುಂದುವರಿಯುವ, ಬೇರೊಂದು ರೋಗದಿಂದ ವಿವರಿಸಲಾಗದ ತೊಂದರೆಗಳು, ಅವುಗಳಲ್ಲಿ ಮುಖ್ಯವಾದವು ಆಯಾಸ, ಏದುಸಿರು, ನೆನಪು ಮತ್ತು ಏಕಾಗ್ರತೆಯ ಕುಂದು. ಅದೇ ತಿಂಗಳು ನಮ್ಮ ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಾಲಯವೂ ಕೋವಿಡ್‌ನ ಅನಂತರದ ತೊಂದರೆಗಳ ಚಿಕಿತ್ಸೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು.

ಸಂಖ್ಯೆಗಳೂ ಬಂದುವು. ವೂಹಾನ್ ನಗರದ ಆಸ್ಪತ್ರೆಯೊಂದರಿಂದ ಬಿಡುಗಡೆಯಾದ 1,192 ಮಂದಿಯಲ್ಲಿ ಆರು ತಿಂಗಳ ಮೇಲೆ ನೂರಕ್ಕೆ 68 ಮಂದಿಗೆ, ಎರಡು ವರ್ಷಗಳ ಮೇಲೆಯೂ ನೂರಕ್ಕೆ 55 ಮಂದಿಗೆ, ಒಂದಲ್ಲ ಒಂದು ತೊಂದರೆ ಉಳಿದಿತ್ತು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಕೋವಿಡ್‌ನಿಂದ ಚೇತರಿಸಿಕೊಂಡ 207 ಮಂದಿಯ ಶ್ವಾಸಕೋಶಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 44 ಮಂದಿಯಲ್ಲಿ ಗಾಳಿಯ ಪ್ರಾಣವಾಯುವನ್ನು ರಕ್ತಕ್ಕೆ ದಾಟಿಸುವ ಶಕ್ತಿ ಕುಗ್ಗಿತ್ತು. ಜಗತ್ತಿನಲ್ಲಿ ಲಾಂಗ್ ಕೋವಿಡ್ ಪೀಡಿತರು ಕನಿಷ್ಠ ಆರೂವರೆ ಕೋಟಿ ಎಂದು 2023ರ ಒಂದು ಸಮೀಕ್ಷಾಲೇಖನ ಅಂದಾಜು ಮಾಡಿತು.

2003ರ ಸ್ಟಿರಾಯ್ಡ್ ಪಾಠ ಏನಾಯಿತೆಂದು ಕೇಳಬಹುದು. ಅರ್ಧ ಕಲಿತೆವು, ಅರ್ಧ ಮರೆತೆವು. ಪ್ರಾಣವಾಯು ಬೇಕಾಗುವಷ್ಟು ಕಾಯಿಲೆಯಾದವರಿಗೆ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಮೆಥಸೋನ್ ಹತ್ತು ದಿನ ಮೀರದಂತೆ ಕೊಟ್ಟರೆ ಸಾವು ಕಡಮೆಯಾಗುತ್ತದೆಂದು ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು 2020ರ ಜೂನ್ ತಿಂಗಳಿನಲ್ಲಿ ತೋರಿಸಿತು. ಅಳತೆ, ಕಾಲ, ಯಾರಿಗೆ ಎಂಬುದು ಖಚಿತವಾಗಿತ್ತು. ಆದರೆ 2021ರ ಬೇಸಗೆಯ ಎರಡನೆಯ ಅಲೆಯಲ್ಲಿ, ಹಾಸಿಗೆ ಸಿಗದ ಆತಂಕದಲ್ಲಿ, ನಮ್ಮ ದೇಶದಲ್ಲಿ ಆ ಔಷಧ ಅಳತೆ ಮೀರಿ ಬಳಕೆಯಾಯಿತು. ಸಕ್ಕರೆ ಕಾಯಿಲೆ ಹೆಚ್ಚಾಗಿರುವ ನಾಡು ಇದು. ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಕಪ್ಪು ಶಿಲೀಂಧ್ರವೆಂದು ನಾವು ಭಯದಿಂದ ಕರೆದ ರೋಗ ಹೀಗೆ ದಾರಿ ಮಾಡಿಕೊಂಡಿತು. ಜೂನ್ ಅಂತ್ಯದ ವೇಳೆಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಅದಕ್ಕೆ ತುತ್ತಾಗಿದ್ದರು. ಕರ್ನಾಟಕದಲ್ಲಿಯೂ ಕೋವಿಡ್‌ನಿಂದ ಗುಣವಾದರೆಂದು ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ಬಂದು ಕಣ್ಣನ್ನೋ ಮೇಲ್ದವಡೆಯನ್ನೋ ಕಳೆದುಕೊಂಡರು. ಅವರೂ ದಾಖಲೆಯಲ್ಲಿ ಗುಣವಾದವರೇ.

ಲಾಂಗ್ ಕೋವಿಡ್‌ಗೆ ಕಾರಣವೇನೆಂಬ ಪ್ರಶ್ನೆಗೆ ವಿಜ್ಞಾನದ ಉತ್ತರ ಇನ್ನೂ ಒಂದಾಗಿಲ್ಲ. ವೈರಸ್ಸಿನ ಅಂಶ ದೇಹದ ಮೂಲೆಗಳಲ್ಲಿ ಅಡಗಿ ಉಳಿಯುವುದು, ರಕ್ಷಣೆಗೆಂದು ಎದ್ದ ದೇಹದ ಸೈನ್ಯ ಯುದ್ಧ ಮುಗಿದರೂ ಮರಳಿ ಬಿಡಾರಕ್ಕೆ ಹೋಗದಿರುವುದು, ಸಣ್ಣ ರಕ್ತನಾಳಗಳ ಕೆಡುಕು, ನರಗಳ ಕೆಡುಕು, ಇವೆಲ್ಲ ಚರ್ಚೆಯಲ್ಲಿವೆ. ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಕಾರಣ ಮುಂದಾಗಿರಲೂಬಹುದು. ಆದರೆ ಕಾರಣ ತಿಳಿಯುವವರೆಗೆ ನೋವನ್ನು ನಂಬದೆ ಇರುವುದು ನ್ಯಾಯವಲ್ಲ. 1890ರ ಲಂಡನ್ನಿನ ರೋಗಿ, 2003ರ ಹಾಂಗ್‌ಕಾಂಗ್‌ನ ದಾದಿ, 2020ರ ಇಟಲಿಯ ವಿದುಷಿ ಒಬ್ಬರನ್ನೊಬ್ಬರು ಅರಿಯದೆ ಹೇಳಿದ ಮಾತುಗಳು ಒಂದನ್ನೊಂದು ಹೋಲುತ್ತವೆ. ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ಚರಿತ್ರಕಾರ ಅದನ್ನು ಪ್ರಮಾಣವೆಂದು ಗಣಿಸುತ್ತಾನೆ.

ಹಾಗಾದರೆ ಚರಿತ್ರೆಯಿಂದ ನಮಗಾಗುವ ಪ್ರಯೋಜನವೇನು? ಮುಂದೆಯೂ ಉಸಿರಾಟದ ಮಹಾಮಾರಿಗಳು ಬರುತ್ತವೆ. ಆಗ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬಿಡುಗಡೆಯ ದಿನಾಂಕದ ಮುಂದೆ ಇನ್ನೂ ಕೆಲವು ಮನೆಗಳಿರಬೇಕು: ಆರು ತಿಂಗಳ ಮೇಲೆ ಹೇಗಿದ್ದಾರೆ, ವರ್ಷದ ಮೇಲೆ ಎಷ್ಟು ದೂರ ನಡೆಯಬಲ್ಲರು, ಕೆಲಸಕ್ಕೆ ಮರಳಿದರೆ, ರಾತ್ರಿ ನಿದ್ರೆ ಬರುತ್ತದೆಯೆ. ಇದಕ್ಕೆ ದೊಡ್ಡ ಯಂತ್ರಗಳು ಬೇಡ. ಕೇಳುವ ಒಬ್ಬರು, ಬರೆದಿಡುವ ಒಬ್ಬರು ಸಾಕು. ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಮನೆಗಳಲ್ಲಿ, ಜ್ವರ ಬಿಟ್ಟವರಿಗೆ ಬಲ ಬರುವ ತನಕ ಕಾಲಾವಕಾಶ ಕೊಡುವ ಹಳೆಯ ಪದ್ಧತಿಯನ್ನು ನಾವು ಪಥ್ಯದ ಹದಿನೈದು ದಿನಗಳಿಂದಾಚೆಗೂ ವಿಸ್ತರಿಸಬೇಕು. ನೂರು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ ಬದುಕಿ ಉಳಿದ ಅಸಂಖ್ಯ ಜನರು ಹೇಗೆ ಬದುಕಿದರೆಂದು ಇಂದು ಯಾರೂ ಹೇಳಲಾರರು. ಈಗ ಬದುಕಿರುವವರನ್ನು ಕೇಳಲು ಇನ್ನೂ ಸಮಯವಿದೆ.